ಆಟಕ್ಕೆ ಮುಂಚೆ ತೊಡಿಸಿದ ಪೇಟ

ಆ ಸೋಮವಾರ ಬೆಳಿಗ್ಗೆ ನಮ್ಮ ಕೇಂದ್ರದ ಬಾಗಿಲಲ್ಲಿ ನಡೆದದ್ದರ ಬಗ್ಗೆ ಷಿಕಾಗೋದಿಂದ ನಾಲ್ಕು ಗಂಟೆ ದಾರಿಯ ಈ ಪ್ಲಿಮತ್ ಸುತ್ತಮುತ್ತಲ ಕನ್ನಡದವರಲ್ಲಿ ಈಗ ಒಂದು ಕಥೆ ಓಡಾಡುತ್ತಿದೆ. ಕಥೆ ಚೆನ್ನಾಗಿದೆ. ಅದರಲ್ಲಿ ನಮ್ಮವರು ಒಬ್ಬ ಜಪಾನೀ ಹಿರಿಯರಿಗೆ ಮೈಸೂರು ಪೇಟ ತೊಡಿಸುತ್ತಾರೆ, ಅವರ ಕಣ್ಣು ತುಂಬಿ ಬರುತ್ತದೆ, ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಪೇಟ ತೊಡಿಸಿದ್ದು ನಿಜ. ಚಪ್ಪಾಳೆ ನಿಜ. ಕಣ್ಣು ತುಂಬಿದ್ದೂ ನಿಜ, ಕೈ ಚಾಚಿದರೆ ಸಿಗುವಷ್ಟು ಹತ್ತಿರ ನಾನು ನಿಂತಿದ್ದೆ. ಆದರೆ ಯಾಕೆ ತುಂಬಿತು ಎಂದು ಯಾರೂ ಕೇಳಲಿಲ್ಲ. ನಾನಾಗಿ ಹೇಳಲು ಹೋದಾಗಲೆಲ್ಲ, ಬಿಡಿ, ಬರೀ ಆಟ ತಾನೆ, ಎಂಬ ಉತ್ತರ ಬಂದಿದೆ. ಆ ಉತ್ತರ ಕೇಳಿ ಕೇಳಿ ಸಾಕಾಗಿದೆ. ನಾನು ಕಂಡದ್ದನ್ನು, ಕೇಳಿದ್ದನ್ನು ನೆನಪಿರುವಷ್ಟು ಸರಿಯಾಗಿ ಬರೆದಿಡುತ್ತೇನೆ.

ನಾನು ಕೆಲಸ ಮಾಡುವುದು ಹಿರಿಯರ ಹಗಲು ಕೇಂದ್ರವೊಂದರಲ್ಲಿ. ಮಕ್ಕಳು ಆಫೀಸಿಗೆ ಹೋಗುವಾಗ ತಂದೆಯನ್ನೋ ತಾಯಿಯನ್ನೋ ಇಲ್ಲಿ ಇಳಿಸುತ್ತಾರೆ, ಸಂಜೆ ಕರೆದುಕೊಂಡು ಹೋಗುತ್ತಾರೆ. ಬಂದವರನ್ನು ಸುಮ್ಮನೆ ಕೂರಲು ಬಿಡದಿರುವುದು ನನ್ನ ಕೆಲಸ. ಕುರ್ಚಿಯಲ್ಲಿ ಕೂತೇ ಮಾಡುವ ವ್ಯಾಯಾಮ, ಬಣ್ಣ ಹಚ್ಚುವುದು, ಹಾಡು, ಟಿವಿ. ಸುತ್ತ ಕಾರಿನ ಬಿಡಿಭಾಗಗಳ ಕಂಪನಿಗಳ ಆಫೀಸುಗಳಿರುವುದರಿಂದ ಜಪಾನಿನವರೂ ಬರುತ್ತಾರೆ, ನಮ್ಮವರೂ ಬರುತ್ತಾರೆ. ಎರಡು ಗುಂಪಿಗೂ ಊಟದ ಮೇಜಿನಲ್ಲಿ ನಗುವಷ್ಟು, ತಲೆಯಾಡಿಸುವಷ್ಟು ಪರಿಚಯ.

ಕನ್ನಡದ ಹಿರಿಯರು ಸೋಮವಾರ ಮತ್ತು ಶುಕ್ರವಾರ ದೊಡ್ಡ ಹಾಲಿನಲ್ಲಿ ಸೇರುತ್ತಾರೆ. ಅದಕ್ಕೊಂದು ಬಳಗ, ಬಳಗಕ್ಕೊಬ್ಬ ಅಧ್ಯಕ್ಷರು. ಮೈಸೂರಿನ ಕಡೆಯವರು, ಕಾಲೇಜಿನ ಪ್ರಿನ್ಸಿಪಾಲರಾಗಿ ನಿವೃತ್ತರಾದವರು. ನಾವೆಲ್ಲ ಅಂಕಲ್ ಎನ್ನುತ್ತೇವೆ. ಕೆಟ್ಟವರಲ್ಲ, ಇದನ್ನು ಮೊದಲೇ ಹೇಳಿಬಿಡಬೇಕು. ಯಾರ ಮನೆಯಲ್ಲಿ ಕಾಯಿಲೆ ಎಂದರೂ ಮೊದಲು ಸಾರಿನ ಡಬ್ಬಿ ಹಿಡಿದು ಬಾಗಿಲು ತಟ್ಟುವುದು ಅವರೇ. ಆದರೆ ಒಬ್ಬರನ್ನು ಸಂತೋಷಪಡಿಸಬೇಕು ಅನ್ನಿಸಿದರೆ ಅವರಿಗೆ ತಿಳಿದಿರುವ ದಾರಿ ಒಂದೇ, ಸನ್ಮಾನ. ಅವರ ಕಾರಿನ ಡಿಕ್ಕಿಯಲ್ಲಿ ಸ್ಪೇರ್ ಟೈರಿನ ಪಕ್ಕ ಯಾವಾಗಲೂ ಒಂದೆರಡು ಶಾಲು, ಪ್ಲಾಸ್ಟಿಕ್ ಡಬ್ಬಿಯಲ್ಲಿ ಕಟ್ಟಿ ಸಿದ್ಧವಾಗಿಟ್ಟ ಪೇಟ, ಗಂಧದ ಚಕ್ಕೆಯ ಹಾರ ಇರುತ್ತವೆ. ಷಿಕಾಗೋ ಕಡೆ ಹೋದವರು ಅಲ್ಲಿನ ಇಂಡಿಯನ್ ಅಂಗಡಿಗಳ ಬೀದಿ ಡೆವನ್ ಅವೆನ್ಯೂನಿಂದ ಅವರಿಗೆ ಹಾರ ತರಬೇಕು. ನಾನೂ ತಂದುಕೊಟ್ಟಿದ್ದೇನೆ. ಅಂಚೆಯವನು ನಿವೃತ್ತನಾದಾಗ ಅವನಿಗೆ ಪೇಟ. ಬಡಾವಣೆಯ ರಸ್ತೆಯ ಹಿಮ ತೆಗೆಯುವವನಿಗೆ ಪೇಟ. ಲೈಬ್ರರಿಯ ಹೆಂಗಸಿಗೆ ಶಾಲು, ತೆಂಗಿನಕಾಯಿ. ಆಕೆ ಕಾಯಿಯನ್ನು ಎರಡೂ ಕೈಯಲ್ಲಿ ಹಿಡಿದು, ಇದನ್ನು ಇಟ್ಟುಕೊಳ್ಳಬೇಕೋ ವಾಪಸು ಕೊಡಬೇಕೋ ತಿಳಿಯದೆ ನಿಂತಿದ್ದಳು. ನಾವೆಲ್ಲ ನಕ್ಕಿದ್ದೆವು.

ಇನ್ನು ಆ ಜಪಾನೀ ಹಿರಿಯರು, ಮತ್ತು ಅವರ ಜೊತೆ ಕೂತು ಆಟ ನೋಡುತ್ತಿದ್ದ ಇನ್ನೊಬ್ಬರು. ಒಬ್ಬರು ಎಂಬತ್ತು ದಾಟಿದ ಗಂಡಸು, ಕಾರಿನ ಸೀಟಿನ ಅಚ್ಚುಗಳನ್ನು ಮಾಡುವ ಕಂಪನಿಯೊಂದರಲ್ಲಿ ದುಡಿದು ಇಲ್ಲೇ ಉಳಿದವರು. ಇನ್ನೊಬ್ಬರು ಅವರಿಗಿಂತ ಸ್ವಲ್ಪ ಚಿಕ್ಕ ಹೆಂಗಸು, ಗಂಡ ತೀರಿಕೊಂಡ ಮೇಲೆ ಮಗಳ ಜೊತೆ ಇದ್ದವರು. ಇಬ್ಬರೂ ಜಪಾನಿನಲ್ಲಿ ಒಂದೇ ರೈಲು ದಾರಿಯ ಮೇಲಿನ ಬೇರೆ ಬೇರೆ ನಿಲ್ದಾಣಗಳ ಹತ್ತಿರ ಬೆಳೆದವರಂತೆ. ಆ ಸೀಮೆಗೆ ಎರಡು ವೃತ್ತಿಪರ ಬೇಸ್‌ಬಾಲ್ ತಂಡಗಳು. ಗಂಡಸಿನದು ಒಂದು, ಹೆಂಗಸಿನದು ಇನ್ನೊಂದು. ಬೇಸ್‌ಬಾಲ್ ಬಿಟ್ಟರೆ ಅವರು ಹೆಚ್ಚು ಮಾತಾಡಿದ್ದನ್ನು ನಾನು ಕಂಡಿಲ್ಲ. ಬೇಸ್‌ಬಾಲ್ ಇದ್ದರೆ ಬೇರೆ ಯಾರೂ ಅವರಿಗೆ ಬೇಕಾಗಿರಲಿಲ್ಲ.

ಜಪಾನಿನಲ್ಲಿ ಎರಡು ಲೀಗ್‌ಗಳಿವೆ. ಒಂದೊಂದು ಲೀಗ್‌ನಲ್ಲಿ ಗೆದ್ದ ತಂಡಗಳು ಶರತ್ಕಾಲದ ಕೊನೆಗೆ ಎದುರುಬದುರಾಗುತ್ತವೆ. ಮೊದಲು ನಾಲ್ಕು ಆಟ ಗೆದ್ದವರು ಚಾಂಪಿಯನ್. ಗಂಡಸಿನ ತಂಡ ಒಂದು ಲೀಗ್‌ನದು, ಹೆಂಗಸಿನದು ಇನ್ನೊಂದರದು. ಹಾಗಾಗಿ ಎರಡೂ ಒಂದೇ ವರ್ಷ ತಮ್ಮ ತಮ್ಮ ಕಡೆ ಗೆದ್ದು ಬಂದರೆ ಮಾತ್ರ ಚಾಂಪಿಯನ್‌ಶಿಪ್‌ನಲ್ಲಿ ಮುಖಾಮುಖಿ. ಆ ವರ್ಷ ಹಾಗೆ ಆಗಿಬಿಟ್ಟಿತು. ಗಂಡಸಿನ ತಂಡ ಕೊನೆಯ ಸಲ ಕಪ್ ಎತ್ತಿದಾಗ ಅವರ ಕೂದಲು ಕಪ್ಪಗಿತ್ತಂತೆ. ತಾವು ಬದುಕಿರುವಾಗ ಇಂಥದ್ದು ಇನ್ನೊಮ್ಮೆ ಬರುವುದಿಲ್ಲ ಎಂದು ಇಬ್ಬರೂ ಬೇರೆ ಬೇರೆ ಹೊತ್ತಿನಲ್ಲಿ ನನಗೆ ಹೇಳಿದ್ದರು, ಬೇಸರವಿಲ್ಲದೆ, ಹವಾಮಾನದ ವಿಷಯ ಹೇಳಿದ ಹಾಗೆ.

ಅಲ್ಲಿ ಸಂಜೆ ಆಟ ಶುರುವಾದಾಗ ಇಲ್ಲಿ ಇನ್ನೂ ನಸುಕು. ಗಂಡಸಿನ ಮಗ ಅದನ್ನು ರೆಕಾರ್ಡ್ ಮಾಡಿಕೊಂಡು, ತಾನೂ ನೋಡದೆ, ತಂದೆಯ ಕೈಗೆ ಲ್ಯಾಪ್‌ಟಾಪ್ ಕೊಟ್ಟು ಹೋಗುತ್ತಿದ್ದ. ಹತ್ತು ಗಂಟೆಗೆ ಚಿಕ್ಕ ರೂಮಿನ ಟಿವಿಗೆ ಜೋಡಿಸಿ ಹಾಕುವುದು ನನ್ನ ಕೆಲಸ. ಅಲ್ಲಿಯವರೆಗೆ ಇಬ್ಬರೂ ಫೋನ್ ಮುಟ್ಟುತ್ತಿರಲಿಲ್ಲ, ಜಪಾನಿನ ಬೇರೆಯವರ ಪಕ್ಕ ಕೂರುತ್ತಿರಲಿಲ್ಲ.

ನೋಡುವುದಕ್ಕೂ ಒಂದು ಕ್ರಮವಿತ್ತು. ಒಂದೇ ಸೋಫಾ, ಮಧ್ಯೆ ಒಂದು ದಿಂಬು. ಹೆಂಗಸಿನ ತಂಡ ಬ್ಯಾಟ್ ಮಾಡುವಾಗ ಅವರು ಎರಡು ಪುಟ್ಟ ಪ್ಲಾಸ್ಟಿಕ್ ಬ್ಯಾಟುಗಳನ್ನು ಒಂದಕ್ಕೊಂದು ತಟ್ಟುತ್ತ ಕೂಗುತ್ತಿದ್ದರು. ಆಗ ಗಂಡಸು ಮಂಡಿಯ ಮೇಲೆ ಕೈಯಿಟ್ಟು ತುಟಿ ಬಿಚ್ಚದೆ ಕೂತಿರಬೇಕು. ಸರದಿ ಬದಲಾದ ಕೂಡಲೇ ಬ್ಯಾಟುಗಳು ದಿಂಬನ್ನು ದಾಟಿ ಅವರ ಕೈಗೆ ಬರುತ್ತಿದ್ದವು, ಹೆಂಗಸು ಸುಮ್ಮನಾಗುತ್ತಿದ್ದರು. ಒಬ್ಬೊಬ್ಬ ಆಟಗಾರನಿಗೂ ಅವನದೇ ಒಂದು ಹಾಡು. ಬ್ಯಾಟು ಹಿಡಿದವರು ಅದನ್ನು ಮೂಗಿನಲ್ಲೇ ಗುನುಗುತ್ತಿದ್ದರು. ಅಲ್ಲಿ ಕ್ರೀಡಾಂಗಣದಲ್ಲಿ ಸಾವಿರಾರು ಜನ ಕೂಡ ಹೀಗೇ ಸರದಿಯ ಮೇಲೆ ಕೂಗುತ್ತಾರಂತೆ. ಕ್ರಿಕೆಟ್ ನೋಡಿ ಬೆಳೆದ ನನಗೆ ಇದು ವಿಚಿತ್ರವಾಗಿತ್ತು. ನಮ್ಮಲ್ಲಿ ಎದುರಾಳಿಯನ್ನು ಕೂಗಿ ಮಣಿಸುವುದೇ ಅರ್ಧ ಆಟ.

ನಮ್ಮ ಬಳಗದವರು ಆ ರೂಮಿನ ಬಾಗಿಲಿನಿಂದ ಇಣುಕುತ್ತಿದ್ದರು. ಧಾರವಾಡದ ಕಡೆಯ ಒಬ್ಬ ಆಂಟಿಗೆ ಇದು ದಿನದ ಮನರಂಜನೆ. ಒಮ್ಮೆ ನನ್ನ ಭುಜ ತಟ್ಟಿ ಹೇಳಿದರು, "ಏನವಾ ಇದು, ಸ್ವಾಫಾ ಒಂದ, ನಡಬರಕ ಗಡಿ ಹಾಕ್ಕೊಂಡು ಕುಂತಾರ. ಒಬ್ಬರು ಕುಣೀತಾರ, ಒಬ್ಬರು ಸಾವಿನ ಮನ್ಯಾಗ ಕುಂತಂಗ ಕುಂತಾರ."

ಸರಣಿ ಮೂರು ಮೂರು ಸಮವಾಗಿ ಕೊನೆಯ ಆಟಕ್ಕೆ ಬಂತು. ಅದು ಭಾನುವಾರ. ಕೇಂದ್ರಕ್ಕೆ ಭಾನುವಾರ ರಜೆ. ಹೆಂಗಸಿನ ಮಗಳಿಗೆ ಷಿಕಾಗೋ ಹತ್ತಿರ ಕೆಲಸವಾಗಿ, ಮಂಗಳವಾರ ಮನೆ ಖಾಲಿ ಮಾಡಿ ಹೊರಡುವವರಿದ್ದರು. ಅಂದರೆ ಇಬ್ಬರೂ ಜೊತೆಯಲ್ಲಿ ಕೂರಲು ಉಳಿದದ್ದು ಸೋಮವಾರ ಒಂದೇ. ಅಲ್ಲಿಯವರೆಗೆ, ಒಂದು ಇಡೀ ಹಗಲು, ಒಂದು ರಾತ್ರಿ, ಇಬ್ಬರೂ ಫಲಿತಾಂಶ ಕಿವಿಗೆ ಬೀಳದ ಹಾಗೆ ಕಾಯಬೇಕಿತ್ತು. ಅವರಿಗೆ ಬೇಕಾಗಿದ್ದದ್ದು ಇಷ್ಟೇ. ಕೊನೆಯ ಆಟವನ್ನು ಏನಾಗುತ್ತದೆಂದು ಗೊತ್ತಿಲ್ಲದೆ ಜೊತೆಯಲ್ಲಿ ಕೂತು ನೋಡುವುದು.

ಶುಕ್ರವಾರ ಊಟದ ಹೊತ್ತಿಗೆ ನಾನೇ ದೊಡ್ಡ ಹಾಲಿನಲ್ಲಿ ನಿಂತು ನಮ್ಮವರಿಗೆಲ್ಲ ಹೇಳಿದೆ. ಸೋಮವಾರ ಬೆಳಿಗ್ಗೆ ಯಾರಿಗೆ ಏನು ಗೊತ್ತಿದ್ದರೂ ಅವರಿಬ್ಬರ ಮುಂದೆ ಬಾಯಿ ಬಿಡಬೇಡಿ. ಯಾಕೆ ಎಂದೂ ಬಿಡಿಸಿ ಹೇಳಿದೆ. ಅಧ್ಯಕ್ಷರು ಅನ್ನ ಕಲೆಸುತ್ತಿದ್ದವರು ತಲೆಯೆತ್ತಿ, "ಒಂದಕ್ಷರ ಹೇಳಲ್ಲಮ್ಮಾ. ನೀವು ನಿಶ್ಚಿಂತೆಯಾಗಿರಿ" ಅಂದರು. ಈ ಮಾತನ್ನು ಯಥಾವತ್ತಾಗಿ ಬರೆಯುತ್ತಿದ್ದೇನೆ. ಯಾಕೆಂದರೆ ಆಮೇಲೆ ಅವರು ಇದನ್ನೇ ಹಿಡಿದುಕೊಂಡರು.

ಸೋಮವಾರ ನಾನು ಚಿಕ್ಕ ರೂಮಿನಲ್ಲಿ ಟಿವಿಯ ವೈರು ಜೋಡಿಸುತ್ತಿದ್ದೆ. ಮುಂಬಾಗಿಲ ಕಡೆಯಿಂದ ಚಪ್ಪಾಳೆ ಕೇಳಿಸಿತು. ಯಾರದೋ ಹುಟ್ಟುಹಬ್ಬ ಇರಬೇಕು ಅಂದುಕೊಂಡೆ. ಎರಡನೇ ಸಲ ಚಪ್ಪಾಳೆ ಬಂದಾಗ ಹೊರಗೆ ಹೋದೆ.

ಕೋಟು ನೇತುಹಾಕುವ ಜಾಗದ ಮುಂದೆ ಒಂದು ಕುರ್ಚಿ ಹಾಕಿದ್ದರು. ಅದರಲ್ಲಿ ಆ ಹಿರಿಯರು ಕೂತಿದ್ದರು. ಹೊರಗಿನ ಚಳಿಯಿಂದ ಆಗ ತಾನೆ ಬಂದವರು, ಕೋಟು ಕೂಡ ಬಿಚ್ಚಿರಲಿಲ್ಲ. ಕೋಟಿನ ಮೇಲೆಯೇ ಶಾಲು, ಕೊರಳಲ್ಲಿ ಗಂಧದ ಹಾರ, ತಲೆಯ ಮೇಲೆ ಪೇಟ. ಪೇಟ ದೊಡ್ಡದಾಗಿ ಕಿವಿಯ ಮೇಲೆ ಇಳಿದಿತ್ತು. ಮಡಿಲಲ್ಲಿ ಹಣ್ಣಿನ ತಟ್ಟೆ, ತಟ್ಟೆಯ ಪಕ್ಕ ಲ್ಯಾಪ್‌ಟಾಪಿನ ಚೀಲ. ಬಳಗದವರು ಅರ್ಧ ಸುತ್ತಾಗಿ ನಿಂತಿದ್ದರು, ಒಬ್ಬರು ಫೋಟೋ ತೆಗೆಯುತ್ತಿದ್ದರು. ಅಧ್ಯಕ್ಷರು ಇಂಗ್ಲಿಷಿನಲ್ಲಿ ಭಾಷಣ ಮಾಡುತ್ತಿದ್ದರು, ತಾಳ್ಮೆಗೆ ಫಲ ಸಿಕ್ಕೇ ಸಿಗುತ್ತದೆ, ಎಷ್ಟೋ ವರ್ಷ ಕಾದವರಿಗೆ ಒಂದು ದಿನ ಬರುತ್ತದೆ ಎಂಬ ಧಾಟಿಯಲ್ಲಿ.

ಹಿರಿಯರು ಮೊದಲು ನಗುತ್ತಿದ್ದರು. ಅದು ಅತಿಥಿಯ ನಗು. ಇಷ್ಟು ಜನ ನಿಂತು ಮರ್ಯಾದೆ ಮಾಡುತ್ತಿರುವಾಗ ನಗದೆ ಹೇಗೆ, ಎಂಬ ನಗು. ಕೂತಲ್ಲೇ ಸೊಂಟ ಬಗ್ಗಿಸಿ ವಂದಿಸಿದರು, ಪೇಟ ಜಾರಿತು, ಕೈಯಲ್ಲಿ ಹಿಡಿದುಕೊಂಡರು. ಹಿಡಿದುಕೊಂಡೇ ಕೇಳಿದರು, ಬಹಳ ವಿನಯದಿಂದ, ಇದು ಇವತ್ತು ನನಗೆ ಯಾಕೆ?

ಅಧ್ಯಕ್ಷರು ತುಟಿಯ ಮೇಲೆ ಬೆರಳಿಟ್ಟುಕೊಂಡರು. ನನ್ನ ಕಡೆ ನೋಡಿ ಕಣ್ಣು ಹೊಡೆದರು, ನೋಡಿ, ಮಾತು ಉಳಿಸಿಕೊಂಡೆ, ಅನ್ನುವ ಹಾಗೆ. ಆಮೇಲೆ ಇಂಗ್ಲಿಷಿನಲ್ಲಿ ಹೇಳಿದರು, "ಅದು ನಿಮಗೆ ಮಧ್ಯಾಹ್ನ ಗೊತ್ತಾಗುತ್ತೆ."

ಎಲ್ಲರೂ ನಕ್ಕರು. ಮೂರನೇ ಸಲ ಚಪ್ಪಾಳೆ.

ಹಿರಿಯರ ಮುಖದಲ್ಲಿ ನಗು ಹಾಗೇ ಇತ್ತು, ಅದರ ಹಿಂದಿದ್ದದ್ದು ಹೋಗಿತ್ತು. ಅವರು ಶಾಲಿನ ತುದಿಯನ್ನು ನೋಡಿದರು. ಅದು ಅವರ ತಂಡದ ಬಣ್ಣದ ಶಾಲು, ಅಧ್ಯಕ್ಷರು ಹುಡುಕಿಸಿ ತರಿಸಿದ್ದು. ಕಣ್ಣು ತುಂಬಿದ್ದು ಆಗ. ಫೋಟೋ ಕ್ಲಿಕ್ ಆದದ್ದೂ ಆಗಲೇ.

ನಾನು ಜನರ ಮಧ್ಯೆ ನುಗ್ಗಿ ಅವರ ತೋಳು ಹಿಡಿದು ಎಬ್ಬಿಸಿದೆ. ಕಾರಿಡಾರಿನಲ್ಲಿ ಅವರು ನಿಂತರು. ಎರಡೂ ಕೈಯಿಂದ ಪೇಟವನ್ನು, ಅದಕ್ಕೆ ನೋವಾಗುತ್ತದೆಯೇನೋ ಎಂಬಂತೆ, ತೆಗೆದು ನನಗೆ ಕೊಟ್ಟರು. ಹಾರ ಕೊಟ್ಟರು. ಶಾಲನ್ನು ಅಂಚಿಗೆ ಅಂಚು ಸೇರಿಸಿ ಮಡಿಸಿ ಕೊಟ್ಟರು. ಕೋಟಿನ ಮೇಲೆ ಬಿದ್ದ ಗಂಧದ ಪುಡಿಯನ್ನು ಕೈಯಿಂದ ಒರೆಸಿಕೊಂಡರು.

"ಆಕೆಗೆ ಗೊತ್ತಾಗಬಾರದು," ಅಂದರು.

ನಾನು ಇಲ್ಲ ಎಂದು ತಲೆಯಾಡಿಸಿದೆ.

"ನನಗೂ ಗೊತ್ತಿಲ್ಲ," ಅಂದರು.

ಅವುಗಳನ್ನೆಲ್ಲ ಬಣ್ಣದ ಕಾಗದ ಇಡುವ ಬೀರುವಿನೊಳಗೆ ತುರುಕಿ ಬಾಗಿಲು ಹಾಕಿದೆ.

ಹೆಂಗಸು ತಡವಾಗಿ ಬಂದರು. ಮನೆಯ ಸಾಮಾನು ಕಟ್ಟುತ್ತಿದ್ದ ಮಗಳು ಅವರನ್ನು ಹಿಂದಿನ ಬಾಗಿಲಲ್ಲಿ ಇಳಿಸಿ ಹೋದಳು, ಅದೊಂದು ಒಳ್ಳೆಯದಾಯಿತು. ಮುಖ ಕೆಂಪಾಗಿತ್ತು, ಉತ್ಸಾಹ. ನಿನ್ನೆಯಿಡೀ ಟಿವಿಗೆ ಬಟ್ಟೆ ಹೊದಿಸಿಟ್ಟಿದ್ದರಂತೆ. ಜಪಾನಿನಿಂದ ತಂಗಿ ಫೋನ್ ಮಾಡಿದಾಗ ಎತ್ತಲಿಲ್ಲವಂತೆ. ಇದನ್ನು ಸೋಫಾದ ಮೇಲೆ ಕೂರುತ್ತ ನಗುತ್ತ ಹೇಳಿದರು, ಮಧ್ಯೆ ದಿಂಬನ್ನು ಸರಿಮಾಡಿದರು. ಗಂಡಸು ನಕ್ಕು ತಲೆದೂಗಿದರು. ನಾನು ಆಟ ಹಾಕಿ ಹೊರಗೆ ಬಂದು ಬಾಗಿಲೆಳೆದುಕೊಂಡೆ, ಬಾಗಿಲ ಗಾಜಿನ ಪಕ್ಕದಲ್ಲೇ ನಿಂತೆ. ಅಂದಿನ ವ್ಯಾಯಾಮದ ತರಗತಿಯನ್ನು ಬೇರೊಬ್ಬಳಿಗೆ ಒಪ್ಪಿಸಿದೆ. ಆ ರೂಮಿಗೆ ಯಾರೂ ಹೋಗಬಾರದು.

ಮೊದಲು ಬಂದದ್ದು ಧಾರವಾಡದ ಆಂಟಿ, ಕೈಯಲ್ಲಿ ಮೈಸೂರು ಪಾಕಿನ ಡಬ್ಬಿ. ಗೆದ್ದವರ ಬಾಯಿಗೆ ಒಂದು ತುಂಡು ಹಾಕಿ ಬರುತ್ತೇನೆ ಅಂದರು. ನಾನು ಬಿಡಲಿಲ್ಲ. ಅವರು ನನ್ನ ಮುಖ ನೋಡಿ ಡಬ್ಬಿಯ ಮುಚ್ಚಳ ಹಾಕಿದರು.

"ಖರೇನ ಅವರಿಗೆ ಗೊತ್ತಿರಲಿಲ್ಲೇನ?"

"ಗೊತ್ತಿರ್ಲಿಲ್ಲ ಆಂಟಿ. ನೀವೆಲ್ಲ ಸೇರಿ ತಿಳಿಸಿದ್ರಿ."

ಆಂಟಿ ಗಾಜಿನ ಮೂಲಕ ಒಳಗೆ ನೋಡಿದರು. ಆಗ ಹೆಂಗಸಿನ ಸರದಿ, ಬ್ಯಾಟುಗಳ ಸದ್ದು ಕೇಳುತ್ತಿತ್ತು. ಆಂಟಿ ಡಬ್ಬಿಯನ್ನು ಸೆರಗಿನೊಳಗಿಟ್ಟುಕೊಂಡು ಹೋದರು. ಅವರ ಬಗ್ಗೆ ನನಗೆ ಸಿಟ್ಟಿಲ್ಲ.

ಆಮೇಲೆ ಅಧ್ಯಕ್ಷರು ಬಂದರು. ಆಟ ಅರ್ಧ ದಾಟಿತ್ತು. ಪೇಟ ಎಲ್ಲಿ ಎಂದು ಕೇಳಿದರು. ಆಟ ಮುಗಿದ ಕೂಡಲೇ ಅದನ್ನು ಮತ್ತೆ ತೊಡಿಸಿ ಇಬ್ಬರ ಜೊತೆ ಒಂದು ಗ್ರೂಪ್ ಫೋಟೋ ತೆಗೆಸುವ ಯೋಚನೆ ಅವರಿಗಿತ್ತು. ನಾನು ದನಿ ತಗ್ಗಿಸಿ, ಆದಷ್ಟು ತಗ್ಗಿಸಿ, ಪೇಟ ತೊಡಿಸಿದ್ದರಿಂದಲೇ ಹಿರಿಯರಿಗೆ ಫಲಿತಾಂಶ ತಿಳಿದುಹೋಯಿತೆಂದು ಹೇಳಿದೆ. ಅವರು ನಿಜಕ್ಕೂ ಬೆರಗಾದರು.

"ನಾನು ಗೆದ್ರು ಅಂತ ಹೇಳಿದ್ನೇನಮ್ಮಾ? ಒಂದಕ್ಷರ ಹೇಳಿದ್ನಾ? ನೀವೇ ಅಲ್ಲಿದ್ರಲ್ಲ."

ಹೇಳಲಿಲ್ಲ, ನಿಜ. ತಲೆಯ ಮೇಲೆ ಪೇಟ ಇಟ್ಟು, ಮೈಮೇಲೆ ಅವರ ತಂಡದ ಬಣ್ಣ ಹೊದಿಸಿ, ಒಂದಕ್ಷರ ಹೇಳಲಿಲ್ಲ. ಯಾಕೆ ಆಟ ಮುಗಿಯುವವರೆಗೆ ಕಾಯಲಿಲ್ಲ ಎಂದು ಕೇಳಿದೆ. ಮುಗಿದ ಮೇಲೆ ಊಟ, ಊಟವಾದ ಮೇಲೆ ಅರ್ಧ ಜನ ಹೊರಟುಬಿಡುತ್ತಾರೆ, ಸಭೆ ತುಂಬುವುದಿಲ್ಲ, ಅಂದರು. ಆಮೇಲೆ ನನ್ನ ಹತ್ತಿರ ಬಗ್ಗಿ, ಹುಡುಗಿಗೆ ಲೋಕ ತಿಳಿಸಿಕೊಡುವ ದನಿಯಲ್ಲಿ ಹೇಳಿದರು, "ಅಲ್ಲಮ್ಮಾ, ಫೋನ್ ಜೇಬಲ್ಲಿಟ್ಕೊಂಡು ಒಂದು ದಿನ ಪೂರ್ತಿ ಯಾರು ನೋಡ್ದೆ ಇರ್ತಾರೆ ಹೇಳಿ. ಅವರು ನಿನ್ನೆಯೇ ನೋಡಿರ್ತಾರೆ. ಆಯಮ್ಮನ ಎದುರಿಗೆ ಸುಮ್ನೆ ಒಂದು ನಾಟಕ."

ಇದೇ ನನ್ನನ್ನು ಇವತ್ತಿಗೂ ಸುಡುವುದು. ಗೊತ್ತಿಲ್ಲದೆ ತಪ್ಪಾಯಿತು ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಒಬ್ಬ ಮನುಷ್ಯ ತನಗೆ ಬೇಕಾದ್ದನ್ನು ಬಾಯಿಬಿಟ್ಟು ಹೇಳಿದ್ದಾನೆ, ಕಾದಿದ್ದಾನೆ, ಅದನ್ನು ನಂಬುವಷ್ಟು ಮರ್ಯಾದೆಯನ್ನೂ ಅವನಿಗೆ ಕೊಡದೆ, ಶಾಲು ಹೊದಿಸುವ ಮರ್ಯಾದೆಯನ್ನು ಕೊಟ್ಟರು. ನಾನು ಅಧ್ಯಕ್ಷರಿಗೆ ಹಾಲಿಗೆ ಹೋಗಿ ಎಂದೆ. ಅವರ ವಯಸ್ಸಿನವರಿಗೆ ನಾನು ಹಾಗೆ ಹೇಳಿದ್ದು ಅದೇ ಮೊದಲು. ಅವರು ಹೋದರು. ಹೋಗುವಾಗ ಯಾರಿಗೋ, ಇವತ್ತು ಅವಳ ಮೂಡ್ ಸರಿಯಿಲ್ಲ, ಅಂದದ್ದು ಕೇಳಿಸಿತು.

ಒಳಗಿನದನ್ನು ಗಾಜಿನಿಂದ ನೋಡಿದೆ. ಗಂಡಸು ಎಲ್ಲವನ್ನೂ ಕ್ರಮದ ಪ್ರಕಾರ ಮಾಡುತ್ತಿದ್ದರು. ತಮ್ಮ ಸರದಿಯಲ್ಲಿ ಬ್ಯಾಟು ತಟ್ಟಿದರು, ಒಬ್ಬೊಬ್ಬ ಆಟಗಾರನ ಹಾಡನ್ನೂ ಗುನುಗಿದರು. ಆದರೆ ಪ್ರತಿಸಲವೂ ಸ್ವಲ್ಪ ತಡವಾಗಿ ಶುರುಮಾಡುತ್ತಿದ್ದರು, ಪಾಠ ಜ್ಞಾಪಿಸಿಕೊಂಡು ಒಪ್ಪಿಸುವವರ ಹಾಗೆ. ಹೆಂಗಸು ಅದನ್ನು ಗಮನಿಸಲಿಲ್ಲ. ಅವರ ಕಣ್ಣು ಟಿವಿಯನ್ನು ಬಿಟ್ಟು ಅಲ್ಲಾಡಲಿಲ್ಲ.

ಕೊನೆಯ ಇನಿಂಗ್ಸ್‌ಗೆ ಬಂದಾಗ ಗಂಡಸಿನ ತಂಡ ಒಂದೇ ಒಂದು ರನ್ ಮುಂದಿತ್ತು, ಬ್ಯಾಟಿಂಗ್ ಹೆಂಗಸಿನ ತಂಡದ್ದು. ನಾನು ಬಾಗಿಲು ತೆರೆದು ಒಳಗೆ ಹೋಗಿ ಗೋಡೆಗೆ ಒರಗಿ ನಿಂತೆ. ಇಬ್ಬರು ಓಟಗಾರರು ಬೇಸ್ ಸೇರಿದರು. ಒಂದು ಒಳ್ಳೆಯ ಹೊಡೆತ ಸಾಕು, ಇಬ್ಬರೂ ಸುತ್ತು ಮುಗಿಸಿ ಎರಡು ರನ್ ತರುತ್ತಾರೆ, ಆಟ ತಿರುಗುತ್ತದೆ. ಹೆಂಗಸು ಎದ್ದು ನಿಂತರು. ಮಂಡಿ ನೋವಿನವರು ಏನನ್ನೂ ಹಿಡಿಯದೆ ಎದ್ದು ನಿಂತರು. ಬ್ಯಾಟುಗಳು ಕೆಳಗೆ ಬಿದ್ದವು. ಆಮೇಲೆ, ನಾನು ಎಂದೂ ಕಾಣದ ಹಾಗೆ, ದಿಂಬಿನಾಚೆ ಕೈಚಾಚಿ ಗಂಡಸಿನ ತೋಳಿನ ಬಟ್ಟೆ ಹಿಡಿದುಕೊಂಡರು. ಹಿಡಿದು ಜಗ್ಗುತ್ತ ಜಪಾನಿಯಲ್ಲಿ ಏನೋ ಹೇಳುತ್ತಿದ್ದರು, ಪುಟ್ಟ ಹುಡುಗಿಯ ದನಿಯಲ್ಲಿ. ಆ ಹೊತ್ತು ತಾವು ಗೆದ್ದೇ ಬಿಡುತ್ತೇವೆ ಎಂದು ಅವರು ನಂಬಿದ್ದರು.

ಗಂಡಸು ಟಿವಿಯ ಕಡೆ ನೋಡುತ್ತಿರಲಿಲ್ಲ.

ಚೆಂಡು ಬಹಳ ಎತ್ತರಕ್ಕೆ ಹೋಯಿತು. ಯಾರೋ ಓಡಿ ಬಂದು ಹಿಡಿದ. ಅಲ್ಲಿಗೆ ಮುಗಿಯಿತು. ಟಿವಿಯಲ್ಲಿ ಜನ ಒಬ್ಬರ ಮೇಲೊಬ್ಬರು ಬೀಳುತ್ತಿದ್ದರು. ಹೆಂಗಸು ತೋಳು ಬಿಟ್ಟು, ಬಟ್ಟೆ ಸರಿಮಾಡಿಕೊಂಡು, ಗಂಡಸಿನ ಕಡೆ ತಿರುಗಿ ತಲೆಬಾಗಿ ವಂದಿಸಿದರು. ಅಭಿನಂದನೆ ಹೇಳಿರಬೇಕು. ಆಮೇಲೆ ಕಾದರು. ಗೆದ್ದವರು ಎರಡೂ ಕೈ ಮೇಲೆತ್ತಿ ಕೂಗುವುದು ವಾಡಿಕೆ. ಹಿಂದಿನ ಆಟಗಳಲ್ಲಿ ಅವರು ಅದನ್ನು ಮಾಡಿದ್ದನ್ನು ನಾನು ಕಂಡಿದ್ದೆ. ಆ ದಿನ ಅವರ ಕೈ ಮಂಡಿಯಿಂದ ಮೇಲೇಳಲಿಲ್ಲ. ಹೆಂಗಸು ಇಂಗ್ಲಿಷಿನಲ್ಲಿಯೇ, ನನಗೂ ಕೇಳುವ ಹಾಗೆ, ಯಾಕೆ ಎಂದು ಕೇಳಿದರು. ಆಯಾಸ, ಅಂದರು ಗಂಡಸು.

ಹೆಂಗಸಿನ ಮುಖ ಬಿಗಿಯಿತು. ತಮಗೆ ಕನಿಕರ ತೋರಿಸುತ್ತಿದ್ದಾರೆ ಎಂದು ಅವರು ತಿಳಿದುಕೊಂಡರು, ನನಗೆ ಅದು ಸ್ಪಷ್ಟವಾಗಿ ಕಂಡಿತು. ಸೋತವರಿಗೆ ಗೆದ್ದವರ ಸಂತೋಷವನ್ನಾದರೂ ನೋಡುವ ಹಕ್ಕಿದೆ. ಅದನ್ನೂ ಇವರು ಕೊಡಲಿಲ್ಲ. ಊಟಕ್ಕೆ ಹೆಂಗಸು ಬೇರೆ ಮೇಜಿನಲ್ಲಿ ಕೂತರು. ಮಾರನೆಯ ದಿನ ಷಿಕಾಗೋಗೆ ಹೊರಟುಹೋದರು.

ಪೇಟದ ಫೋಟೋ ಆ ಸಂಜೆಯೇ ವಾಟ್ಸ್ಯಾಪ್ ಗುಂಪುಗಳಿಗೆ ಹೋಯಿತು. ಸಂಸ್ಕೃತಿಗಳ ಸಂಗಮ ಎಂದು ಕೆಳಗೆ ಬರೆದಿದ್ದರು. ಷಿಕಾಗೋ ಹತ್ತಿರದ ಪ್ಲೇನ್‌ಫೀಲ್ಡ್‌ನಲ್ಲಿರುವ ನನ್ನ ಅಕ್ಕನಿಗೂ ಯಾರೋ ಕಳಿಸಿದ್ದರು.

ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ರಜೆಗೆ ಅಕ್ಕನ ಮನೆಗೆ ಹೋದಾಗ ಆ ಹೆಂಗಸನ್ನು ಕಾಣಲು ಹೋದೆ. ಕೇಂದ್ರಕ್ಕೆ ಫೋನ್ ಮಾಡಿ, ಈ ಕಡೆ ಬಂದರೆ ಬಾ ಎಂದು ಅವರೇ ಹೇಳಿದ್ದರು. ಮಗಳು ಹೊರಗೆ ಹೋಗಿದ್ದಳು. ಹೊಸ ಮನೆಯಲ್ಲಿ ಇನ್ನೂ ಬಿಚ್ಚದ ಪೆಟ್ಟಿಗೆಗಳು. ಟೀ ಕೊಟ್ಟರು, ನನ್ನ ಡ್ರೈವ್ ಹೇಗಿತ್ತು ಎಂದು ವಿಚಾರಿಸಿದರು. ಆಮೇಲೆ, ಕಪ್ಪನ್ನು ಕೆಳಗಿಟ್ಟು, ನೇರವಾಗಿ ಕೇಳಿದರು. ಆ ದಿನ ಆತ ಯಾಕೆ ಹಾಗೆ ಕೂತಿದ್ದರು? ನೀನು ಅಲ್ಲಿದ್ದೆ. ನನ್ನ ಮೇಲೆ ಅಷ್ಟೊಂದು ಕನಿಕರವೇ?

ಕನಿಕರವಲ್ಲ ಎಂದೆ. ಅಷ್ಟಕ್ಕೆ ನಿಲ್ಲಿಸಲು ಆಗಲಿಲ್ಲ. ಆ ಹಿರಿಯರ ಬಗ್ಗೆ ಅವರು ತಪ್ಪು ತಿಳಿದುಕೊಂಡೇ ಇರುವುದನ್ನು ನೋಡಲಾರದೆ, ನಡೆದದ್ದನ್ನೆಲ್ಲ ಹೇಳಿದೆ. ಕುರ್ಚಿ, ಪೇಟ, ಮಧ್ಯಾಹ್ನ ಗೊತ್ತಾಗುತ್ತೆ ಎಂಬ ಮಾತು, ಆಮೇಲೆ ಕಾರಿಡಾರಿನಲ್ಲಿ ಹಿರಿಯರು ಹೇಳಿದ್ದು.

ಹೆಂಗಸು ಕಪ್ಪನ್ನು ಪಕ್ಕಕ್ಕೆ ಸರಿಸಿದರು. ಅವರು ಸಮಾಧಾನಪಡುತ್ತಾರೆ, ಬಹುಶಃ ಅಳುತ್ತಾರೆ ಎಂದು ನಾನು ಎಣಿಸಿದ್ದೆ.

"ಹಾಗಾದರೆ ಆತ ಆಟ ನೋಡಲಿಲ್ಲ," ಅಂದರು. "ನನ್ನನ್ನು ನೋಡುತ್ತಿದ್ದರು."

ನನಗೆ ತಕ್ಷಣ ಅರ್ಥವಾಗಲಿಲ್ಲ. ಅವರು ಬಿಡಿಸಿ ಹೇಳಿದರು, ದನಿ ಏರಿಸದೆ. ಕೊನೆಯಲ್ಲಿ ನಾನು ಎದ್ದು ನಿಂತೆ. ಅವರ ತೋಳು ಹಿಡಿದೆ. ಈಗ ನೋಡಿ, ಈಗ ನಾವು ಗೆಲ್ಲುತ್ತೇವೆ ಎಂದೆ. ಆಗ ಅವರಿಗೆ ಗೊತ್ತಿತ್ತು. ನಿನಗೂ ಗೊತ್ತಿತ್ತು. ಆ ಕಟ್ಟಡದಲ್ಲಿ ನನ್ನೊಬ್ಬಳನ್ನು ಬಿಟ್ಟು ಎಲ್ಲರಿಗೂ ಗೊತ್ತಿತ್ತು.

ಅವರು ಮುಂದುವರಿಸಿದರು, ನನಗೆ ಹೇಳಿದ್ದರೆ ಟಿವಿ ಆರಿಸಿಬಿಡುತ್ತಿದ್ದೆ. ಸುಮ್ಮನೆ ಕೂತು ಟೀ ಕುಡಿಯುತ್ತಿದ್ದೆವು. ಒಬ್ಬರಿಗೆ ಕೊನೆ ಗೊತ್ತಿರುವ ಆಟವನ್ನು ಇಬ್ಬರು ನೋಡುವುದು ಹೇಗೆ?

ಆ ಫೋಟೋ ಇದೆಯೇ ಎಂದು ಕೇಳಿದರು. ಫೋನಿನಲ್ಲಿ ತೆಗೆದು ತೋರಿಸಿದೆ. ಕನ್ನಡಕ ಹಾಕಿಕೊಂಡು, ಬೆರಳಿನಿಂದ ದೊಡ್ಡದು ಮಾಡಿ, ಮುಖ ಒಂದನ್ನೇ ನೋಡಿದರು. ಕಿವಿಯ ಮೇಲಿಳಿದ ಪೇಟ, ಹಾಗೇ ಉಳಿದುಬಿಟ್ಟ ನಗು, ತುಂಬಿದ ಕಣ್ಣು. ಇದನ್ನು ಎಷ್ಟು ಜನ ನೋಡಿದ್ದಾರೆ ಎಂದು ಕೇಳಿದರು. ಬಹಳ ಜನ ಎಂದೆ.

"ಇದನ್ನು ತೆಗೆಸು. ಇದು ಯಾರಿಗೂ ತೋರಿಸುವ ಮುಖವಲ್ಲ."

ಬಾಗಿಲವರೆಗೆ ಬಂದು ಬೀಳ್ಕೊಟ್ಟರು. ಮತ್ತೆ ಬಾ ಎಂದು ಹೇಳಲಿಲ್ಲ.

ಕಾರಿನಲ್ಲಿ ಕೂತು ಅಲ್ಲಿಂದಲೇ ಅಧ್ಯಕ್ಷರಿಗೆ ಫೋನ್ ಮಾಡಿದೆ. ಹಿಂದೆ ಮೊಮ್ಮಕ್ಕಳ ಗದ್ದಲ ಕೇಳುತ್ತಿತ್ತು. ಅವರಿಗೆ ನನ್ನ ಮೇಲೆ ಯಾವ ಮುನಿಸೂ ಇರಲಿಲ್ಲ. ಷಿಕಾಗೋದಲ್ಲಿದ್ದೀನಿ ಎಂದ ಕೂಡಲೇ, ಡೆವನ್‌ಗೆ ಹೋದರೆ ಎರಡು ಹಾರ ತನ್ನಿ ಅಂದರು. ಫೋಟೋ ತೆಗೆಯಬೇಕು ಎಂದೆ. ಗುಂಪುಗಳಿಂದ ಈಗ ಅದನ್ನು ವಾಪಸು ತೆಗೆಯಲು ಬರುವುದಿಲ್ಲ, ಮೇಲಾಗಿ ಬಳಗದ ವಾರ್ಷಿಕ ಸಂಚಿಕೆಯ ಮುಖಪುಟಕ್ಕೆ ಅದನ್ನೇ ಆರಿಸಿ ಆಗಿದೆ ಎಂದರು. ಎಷ್ಟು ಚೆನ್ನಾಗಿ ಬಂದಿದೆ, ಆ ಕಣ್ಣೀರು ನೋಡಿ ಎಲ್ಲರಿಗೂ ಮನಸ್ಸು ತುಂಬಿತು ಎಂದರು.

"ಅಂಕಲ್," ಅಂದೆ, "ಅವತ್ತು ಅವರನ್ನ ಒಂದು ಮಾತು ಕೇಳಿದ್ರಾ? ಮುಂಚೆ? ನಿಮಗೆ ಹೀಗೆ ಮಾಡ್ಬಹುದಾ ಅಂತ?"

ಆ ಕಡೆ ಅವರು ನಿಜವಾಗಿಯೂ ಯೋಚಿಸಿದರು. ನಾನು ಕೇಳಿದ್ದು ಅವರಿಗೆ ಹೊಸ ಪ್ರಶ್ನೆಯಾಗಿತ್ತು.

"ಸನ್ಮಾನಕ್ಕೆ ಯಾರಾದ್ರೂ ಪರ್ಮಿಷನ್ ಕೇಳ್ತಾರೇನಮ್ಮಾ?" ಅಂದರು.